ವಜ್ರದ ಹೊಲಗಳಲ್ಲಿ ಮಕ್ಕಳೊಡನೆ

ಬೇಸಗೆಯ ರಜೆ ಬಂತೆಂದರೆ ನಮ್ಮ ಗಡಿಸೀಮೆಯ ಕನ್ನಡ ಮನೆಗಳಲ್ಲಿ ಪ್ರವಾಸದ ಮಾತು ಏಳುವುದು ವಾಡಿಕೆ. ಮಂತ್ರಾಲಯ, ಹಂಪೆ, ಅಹೋಬಲ, ಅನುಕೂಲವಿದ್ದವರಿಗೆ ತಿರುಪತಿ - ಇವು ಹಿರಿಯರ ಕಾಲದಿಂದ ಬಂದ ದಾರಿಗಳು. ಆದರೆ ಆದವಾನಿ, ಆಲೂರು, ರಾಯದುರ್ಗಗಳ ಕಡೆಯವರಿಗೆ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರುವಷ್ಟು ಸಮೀಪದಲ್ಲಿ ಇನ್ನೊಂದು ಯಾತ್ರಾಸ್ಥಳ ಉಂಟು. ಅಲ್ಲಿ ನೋಡಬೇಕಾದದ್ದು ಗುಡಿಯಲ್ಲ, ಕೋಟೆಯಲ್ಲ; ಬರಿಯ ಹೊಲ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಆ ಹೊಲಗಳಿಗೆ ನೂರಾರು ಜನ ಬುತ್ತಿ ಕಟ್ಟಿಕೊಂಡು, ಹೆಂಡಿರು ಮಕ್ಕಳೊಡನೆ ಬಂದಿಳಿಯುತ್ತಾರೆ. ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡದೆ ನೆಲವನ್ನೇ ನೋಡುತ್ತ ನಡೆಯುತ್ತಾರೆ. ಅವರು ಹುಡುಕುವುದು ವಜ್ರವನ್ನು.

ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ, ಪಗಿಡಿರಾಯಿ, ಪೆರವಲಿ, ಮದ್ದಿಕೆರೆಗಳ ಸುತ್ತಿನ ಭೂಮಿ, ಅನಂತಪುರ ಜಿಲ್ಲೆಯ ವಜ್ರಕರೂರಿನ ಸುತ್ತಿನ ಭೂಮಿ - ಇವೇ ಆ ಹೊಲಗಳು. ಗುಂತಕಲ್ಲು ಜಂಕ್ಷನ್ನನ್ನು ನಡುವಿಟ್ಟುಕೊಂಡು ನೋಡಿದರೆ ವಜ್ರಕರೂರು ದಕ್ಷಿಣಕ್ಕೆ, ಜೊನ್ನಗಿರಿ ಪೂರ್ವಕ್ಕೆ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಿಗೆ ಬಂದುದು ವಾಚಕರಿಗೆ ತಿಳಿದ ವಿಷಯ. ಆ ತಾಲೂಕುಗಳ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಎಂದು ಎರಡು ನುಡಿಗಳ ನಡುವೆ ಬೆಳೆಯುವವರು. ವಜ್ರದ ಹೊಲದಲ್ಲಿಯೂ ಹಾಗೆಯೇ, ಎರಡು ನುಡಿಗಳೂ ಕಿವಿಗೆ ಬೀಳುತ್ತವೆ. ಬಳ್ಳಾರಿ, ರಾಯಚೂರು ಕಡೆಯಿಂದಲೂ ಜನ ಬರುವುದುಂಟು.

ಈ ಹೊಲಗಳಿಗೆ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋದೆವು. ನಾವು ಎಂದರೆ ಒಂದು ಹಳ್ಳಿಯ ಕನ್ನಡ ಶಾಲೆಯ ಇಬ್ಬರು ಅಧ್ಯಾಪಕರು, ನಮ್ಮ ಮನೆಯವರು, ರಜೆಗೆಂದು ಬಂದಿದ್ದ ತಂಗಿಯ ಇಬ್ಬರು ಮಕ್ಕಳು, ಮತ್ತು ತಂದೆ ತಾಯಿಯರೊಡನೆ ಬಂದ ಒಂಬತ್ತು ಮಂದಿ ವಿದ್ಯಾರ್ಥಿಗಳು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ, ಎರಡು ಕೊಡ ನೀರು, ಹಿಟ್ಟಿನ ಎರಡು ಜರಡಿ, ಒಂದು ಭೂತಗನ್ನಡಿ - ಇವು ನಮ್ಮ ಸಾಮಾನು. ಗುಂತಕಲ್ಲಿನಲ್ಲಿ ಇಳಿದು ಉಗ್ಗಾಣಿ ಮಿರ್ಚಿ ತಿಂದು, ಅಲ್ಲಿಂದ ಮುಂದಿನ ದಾರಿ ಹಿಡಿದೆವು.

ಈ ನೆಲದ ಹಿಂದಿನ ಕಥೆ

ಹದಿನೆಂಟನೆಯ ಶತಮಾನದಲ್ಲಿ ಬ್ರೆಜಿಲಿನಲ್ಲಿ ವಜ್ರ ದೊರೆಯುವವರೆಗೂ ಪ್ರಪಂಚಕ್ಕೆಲ್ಲ ವಜ್ರವನ್ನು ಒದಗಿಸುತ್ತಿದ್ದುದು ಭಾರತವೇ. ಬೋರ್ನಿಯೋ ದ್ವೀಪದಿಂದ ಬರುತ್ತಿದ್ದ ಅಲ್ಪ ಪಾಲನ್ನು ಬಿಟ್ಟರೆ ಬೇರೆ ನೆಲೆಯೇ ಇರಲಿಲ್ಲ. ಆ ಭಾರತದ ವಜ್ರಗಳಲ್ಲಿ ದೊಡ್ಡ ಪಾಲು ಕೃಷ್ಣೆಯ ದಡದ ಕೊಲ್ಲೂರು ಮೊದಲಾದ ಗಣಿಗಳಿಂದಲೂ ನಮ್ಮ ಈ ಸೀಮೆಯಿಂದಲೂ ಹೋಗುತ್ತಿತ್ತು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರ ನ್ಯೂನಿಜ್ ಎಂಬವನು ಹದಿನಾರನೆಯ ಶತಮಾನದಲ್ಲಿ ಬರೆದಿಟ್ಟ ವೃತ್ತಾಂತದಲ್ಲಿ, ವಜ್ರದ ಸೀಮೆಯನ್ನು ಆಳುತ್ತಿದ್ದ ನಾಯಕನೊಬ್ಬನ ಪ್ರಸ್ತಾಪವಿದೆ. ಗೊತ್ತುಮಾಡಿದ ತೂಕಕ್ಕಿಂತ ದೊಡ್ಡದಾದ ಹರಳೆಲ್ಲವೂ ಅರಸನಿಗೇ ಸಲ್ಲಬೇಕೆಂಬುದು ಆ ನಾಯಕನಿಗಿದ್ದ ಕರಾರು. ಆ ಸೀಮೆ ಗುತ್ತಿಯ ಸೀಮೆಯೇ ಇರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ.

ಆದರೆ ಮಕ್ಕಳನ್ನು ಕಟ್ಟಿಕೊಂಡು ಹೊರಟ ನಮ್ಮಂಥವರಿಗೆ ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿಯನ್ನು ಬರೆದಿಟ್ಟವನು ಫ್ರೆಂಚ್ ವಜ್ರವ್ಯಾಪಾರಿ ತಾವೆರ್ನಿಯೇ. ಹದಿನೇಳನೆಯ ಶತಮಾನದಲ್ಲಿ ಅವನು ಕಂಡ ರಾವೋಲ್ಕೊಂಡ ಎಂಬ ಗಣಿ ಗೋಲ್ಕೊಂಡದಿಂದ ಐದು ದಿನದ, ಬಿಜಾಪುರದಿಂದ ಎಂಟೊಂಬತ್ತು ದಿನದ ದಾರಿಯಲ್ಲಿತ್ತು; ಅದು ಕರ್ನಾಟಕ ಪ್ರಾಂತದಲ್ಲಿದೆ ಎಂದೇ ಅವನು ಬರೆದಿದ್ದಾನೆ. ಕರ್ನೂಲಿನ ಬಳಿಯ ರಾಮಳ್ಳಕೋಟೆಯೇ ಅದೆಂದು ಹಲವರು ಗುರುತಿಸಿದ್ದಾರೆ; ರಾಯಚೂರು ಕಡೆಯದೆಂದು ಹೇಳುವವರೂ ಉಂಟು. ಆ ಊರಿನ ಚೌಕದ ಮರದಡಿಯಲ್ಲಿ ದಿನವೂ ಬೆಳಿಗ್ಗೆ ಹತ್ತರಿಂದ ಹದಿನಾರು ವರ್ಷದ ಹುಡುಗರು ಸಾಲಾಗಿ ಕೂರುತ್ತಿದ್ದರಂತೆ. ಒಂದು ಮಗ್ಗುಲಲ್ಲಿ ವಜ್ರ ತೂಗುವ ಬೊಟ್ಟುಗಳ ಚೀಲ, ಇನ್ನೊಂದು ಮಗ್ಗುಲಲ್ಲಿ ಐನೂರು ಆರುನೂರು ವರಹಗಳ ಹಮ್ಮಿಣಿ. ಯಾರಾದರೂ ಹರಳು ಮಾರಲು ಬಂದರೆ ಅದನ್ನು ಹಿರಿಯ ಹುಡುಗನ ಕೈಗೆ ಕೊಡುವರು. ಅವನು ನೋಡಿ ಪಕ್ಕದವನಿಗೆ, ಅವನು ಮತ್ತೊಬ್ಬನಿಗೆ, ಹೀಗೆ ಒಬ್ಬರೂ ತುಟಿ ಬಿಚ್ಚದೆ ಕೈಯಿಂದ ಕೈಗೆ ಹೋಗಿ ಹರಳು ಮರಳಿ ಹಿರಿಯನಿಗೆ ಬರುವುದು. ಆಮೇಲೆ ಅವನು ಬೆಲೆ ಕಟ್ಟುವನು. ಹೆಚ್ಚು ಕೊಟ್ಟು ಕೊಂಡರೆ ನಷ್ಟ ಅವನದೇ. ಸಂಜೆ ಕೊಂಡ ಹರಳುಗಳನ್ನೆಲ್ಲ ಗುಂಪುಮಾಡಿ, ನೀರು, ತೂಕ, ನಿರ್ಮಲತೆ ನೋಡಿ ದರ ಗೊತ್ತುಮಾಡಿ ದೊಡ್ಡ ವರ್ತಕರಿಗೆ ಮಾರಿ, ಬಂದ ಲಾಭವನ್ನು ಹುಡುಗರೆಲ್ಲ ಸಮನಾಗಿ ಹಂಚಿಕೊಳ್ಳುವರು. ಹಿರಿಯನಿಗೆ ಮಾತ್ರ ನೂರಕ್ಕೆ ಕಾಲು ಪಾಲು ಹೆಚ್ಚು.

ಬಸ್ಸಿನಲ್ಲಿ ಈ ಕಥೆ ಹೇಳಿದಾಗ ನಮ್ಮ ಹುಡುಗರ ಕಣ್ಣು ಅರಳಿತು. ಆದರೆ ಇದೇ ತಾವೆರ್ನಿಯೇ ಕೊಲ್ಲೂರಿನಲ್ಲಿ ಕಂಡುದನ್ನೂ ಹೇಳದಿದ್ದರೆ ಕಥೆ ಅರ್ಧವಾದೀತು. ಅಲ್ಲಿ ಸುಮಾರು 60,000 ಜನ ದುಡಿಯುತ್ತಿದ್ದರು. ಗಂಡಸರು ಅಗೆಯುವುದು, ಹೆಂಗಸರೂ ಮಕ್ಕಳೂ ಮಣ್ಣು ಹೊರುವುದು. ಮರದ ನೆರಳಿನಲ್ಲಿ ಕೂತು ಹರಳಿಗೆ ಬೆಲೆ ಕಟ್ಟಿದ ಮಕ್ಕಳು ಒಂದೆಡೆ, ಬಿಸಿಲಿನಲ್ಲಿ ಬುಟ್ಟಿ ಹೊತ್ತ ಮಕ್ಕಳು ಇನ್ನೊಂದೆಡೆ. ವಜ್ರದ ಭೂಮಿಯಲ್ಲಿ ಅಂದಿನಿಂದಲೂ ಎರಡು ಬಗೆಯ ಬಾಲ್ಯಗಳಿದ್ದುವು.

ಹುಡುಕುವ ಬಗೆ

ಜೊನ್ನಗಿರಿಯ ಕಡೆಯ ನೆಲ ಒಂದೇ ತೆರನಾದುದಲ್ಲ. ಒಂದು ಕಡೆ ಕೆಂಪು ಮಸಾರಿ, ಇನ್ನೊಂದು ಕಡೆ ಕಪ್ಪು ಎರೆ, ನಡುನಡುವೆ ಗರಸು. ಬೇಸಗೆಯಲ್ಲಿ ಕುಂಟೆ ಹೊಡೆದು ಹದಮಾಡಿದ ಹೊಲದ ಮೇಲೆ ರಭಸದ ಮಳೆ ಸುರಿದಾಗ ಮೇಲಿನ ನುಣುಪು ಮಣ್ಣು ಕೊಚ್ಚಿಹೋಗಿ ಸಣ್ಣ ಸಣ್ಣ ಕಲ್ಲುಗಳು ತೊಳೆದಿಟ್ಟಂತೆ ಮೇಲೆ ಉಳಿಯುತ್ತವೆ. ವರ್ಷದ ಬೇರಾವ ಕಾಲದಲ್ಲಿಯೂ ಕಾಣದ ಹರಳು ಆಗ ಬಿಸಿಲಿಗೆ ಮಿಂಚುತ್ತದೆ. ರೋಹಿಣಿ, ಮೃಗಶಿರ, ಆರಿದ್ರಾ ಮಳೆಗಳ ದಿನಗಳೇ ಹುಡುಕಾಟದ ಸುಗ್ಗಿಯಾಗಿರುವುದು ಈ ಕಾರಣದಿಂದ.

ಹುಡುಕುವವರಲ್ಲಿ ಪಳಗಿದವರು ನಡುಮಧ್ಯಾಹ್ನ ಕೆಲಸ ಮಾಡುವುದಿಲ್ಲ. ಬೆಳಿಗ್ಗೆ ಮತ್ತು ಇಳಿಹೊತ್ತು, ಸೂರ್ಯ ಬಾನಂಚಿನಲ್ಲಿರುವಾಗ, ಬೆಳಕಿಗೆ ಎದುರಾಗಿ ನಡೆಯುತ್ತಾರೆ. ಓರೆಯಾಗಿ ಬಿದ್ದ ಕಿರಣಕ್ಕೆ ಹರಳು ತಾನಾಗಿ ಸೂಚನೆ ಕೊಡುತ್ತದೆ ಎಂಬುದು ಅವರ ಅನುಭವ. ನಾವೂ ಮಕ್ಕಳನ್ನು ಹಾಗೆಯೇ ಸಾಲಾಗಿ ನಿಲ್ಲಿಸಿದೆವು. ಒಬ್ಬೊಬ್ಬರಿಗೆ ಎರಡು ಮಾರು ಅಗಲದ ಪಟ್ಟಿ. ಅದನ್ನು ಬಿಟ್ಟು ಕಣ್ಣು ಅತ್ತಿತ್ತ ಹೋಗಕೂಡದು. ಹತ್ತು ನಿಮಿಷ ಕೂಡ ಒಂದೆಡೆ ಕುಳಿತಿರಲಾರದ ಹುಡುಗರು ಒಂದೂವರೆ ಗಂಟೆಯ ಕಾಲ ಉಸಿರು ಬಿಗಿಹಿಡಿದವರಂತೆ ನೆಲ ನೋಡುತ್ತ ನಡೆದುದನ್ನು ಕಂಡು ಅವರ ತಾಯಂದಿರೇ ಬೆರಗಾದರು.

ಹೊಲದ ಯಜಮಾನರನ್ನು ಮೊದಲೇ ಕಂಡು ಅಪ್ಪಣೆ ಪಡೆದಿದ್ದೆವು. ಅವರು ಹೇಳಿದ ಮಾತು ಇಷ್ಟೇ: "ಬಿತ್ತೋಕೆ ಮುಂಚೆ ಯಾರಾದ್ರೂ ಬರ್ಲಿ ಸಾರ್. ಕೂರಿಗೆ ಇಳಿದ ಮ್ಯಾಲೆ ಮಾತ್ರ ಕಾಲಿಡಬಾರ್ದು. ವಜ್ರ ಸಿಕ್ರೆ ಒಬ್ಬರಿಗೆ ಸಿಗ್ತದೆ. ಶೇಂಗಾ ಬಂದ್ರೆ ಮನೆಮಂದಿಗೆಲ್ಲ ಅನ್ನ." ಬಿತ್ತಿದ ಸಾಲನ್ನು ತುಳಿದು ಹಾಳುಮಾಡುವವರ ಕಾಟ ತಾಳಲಾರದೆ ಕೆಲವು ರೈತರು ಪ್ರವೇಶವಿಲ್ಲವೆಂಬ ಹಲಗೆಯನ್ನೇ ನೆಟ್ಟಿದ್ದಾರೆ. ಅದು ನ್ಯಾಯವೇ.

ಮಕ್ಕಳು ಎತ್ತಿ ತಂದ ಕಲ್ಲುಗಳಲ್ಲಿ ನೂರಕ್ಕೆ ತೊಂಬತ್ತು ಬೆಣಚುಕಲ್ಲು. ಉಳಿದುದರಲ್ಲಿ ಕೆಂಪು, ಕಂದು ಬಣ್ಣದ ನಯವಾದ ಕಲ್ಲುಗಳು, ಒಂದೆರಡು ಕಪ್ಪು ಹೊಳಪಿನ ಕಣಗಳು, ಒಂದು ಹಳೆಯ ಬಳೆಯ ಚೂರು. ವಜ್ರವೇ ಅಲ್ಲವೇ ಎಂದು ತಿಳಿಯುವ ಸುಲಭದ ಪರೀಕ್ಷೆಗಳನ್ನು ಬುತ್ತಿ ಬಿಚ್ಚಿದ ಬೇವಿನ ಮರದ ಕೆಳಗೆ ಮಾಡಿ ತೋರಿಸಿದೆವು. ಕಲ್ಲಿನ ಮೇಲೆ ಬಾಯಿಂದ ಉಸಿರು ಬಿಟ್ಟರೆ ಬೆಣಚಿನ ಮೇಲೆ ಮಂಜು ಕೆಲವು ಕ್ಷಣ ನಿಲ್ಲುತ್ತದೆ. ವಜ್ರ ಶಾಖವನ್ನು ಬಹುಬೇಗ ಹರಡುವುದರಿಂದ ಅದರ ಮೇಲಿನ ಮಂಜು ಒಡನೆಯೇ ಆರುತ್ತದೆ. ವಜ್ರಕ್ಕೆ ನೀರು ಅಂಟದು, ಜಿಡ್ಡು ಅಂಟುವುದು. ದೊಡ್ಡ ಗಣಿಗಳಲ್ಲಿ ಗ್ರೀಸ್ ಬಳಿದ ಹಲಗೆಯ ಮೇಲೆ ಒದ್ದೆ ಗರಸನ್ನು ಹರಿಯಬಿಟ್ಟು ವಜ್ರವನ್ನು ಹಿಡಿಯುವ ಕ್ರಮ ಬಂದುದು ಈ ಗುಣದಿಂದಲೇ. ಆಕಾರದಲ್ಲಿಯೂ ವ್ಯತ್ಯಾಸವಿದೆ. ಬೆಣಚಿನ ಹರಳು ಆರು ಮಗ್ಗುಲಿನ ಕಂಬದಂತೆ ಬೆಳೆಯುತ್ತದೆ. ವಜ್ರ ಸಾಮಾನ್ಯವಾಗಿ ಎರಡು ಗೋಪುರಗಳನ್ನು ಬುಡಕ್ಕೆ ಬುಡ ಸೇರಿಸಿದಂತೆ ಎಂಟು ಮುಖಗಳಲ್ಲಿ ಬೆಳೆಯುತ್ತದೆ. ಒಂದೇ ಗಾತ್ರದ ಬೆಣಚಿಗಿಂತ ವಜ್ರ ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಭಾರ.

ಇಲ್ಲಿ ಒಂದು ಎಚ್ಚರಿಕೆ. ನಿಜವಾದ ವಜ್ರ ಸುತ್ತಿಗೆಯ ಪೆಟ್ಟಿಗೂ ಒಡೆಯದು ಎಂಬ ನಂಬಿಕೆ ಜನರಲ್ಲಿದೆ. ಇದು ಶುದ್ಧ ತಪ್ಪು. ಗೀರಿಗೆ ಬಗ್ಗದಿರುವುದು ಬೇರೆ, ಪೆಟ್ಟಿಗೆ ಒಡೆಯದಿರುವುದು ಬೇರೆ. ವಜ್ರವನ್ನು ಗೀರಬಲ್ಲ ಕಲ್ಲು ಇನ್ನೊಂದಿಲ್ಲವಾದರೂ ಅದಕ್ಕೆ ಸೀಳುವ ದಿಕ್ಕುಗಳು ನಾಲ್ಕುಂಟು; ಆ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಚೂರಾಗುತ್ತದೆ. ವಿಜ್ಞಾನದ ಪಾಠದಲ್ಲಿ ಕಾಠಿಣ್ಯವೆಂಬ ಮಾತನ್ನು ಉರುಹೊಡೆದಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು, ಬೆಣಚಿನಿಂದ ಗಾಜಿನ ಚೂರನ್ನು ಗೀರಿ ನೋಡಿ, "ಇದೇ ಏನ್ರೀ ಸಾರ್ ಅದು!" ಎಂದಳು. ಅದೇ ಅದು.

ಕಲ್ಲು ಹೇಳುವ ಕಥೆ

ಈ ಹೊಲಗಳಿಗೆ ವಜ್ರ ಎಲ್ಲಿಂದ ಬಂತು? ವಿಜಯನಗರದ ಕಾಲದಲ್ಲಿ ಯಾರೋ ಹೂತಿಟ್ಟದ್ದು, ದಂಡು ಓಡುವಾಗ ಚೆಲ್ಲಿದ್ದು ಎಂದು ಜನ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆದರೆ ನೆಲ ಹೇಳುವ ಕಥೆ ಇದಕ್ಕಿಂತ ದೊಡ್ಡದು. ವಜ್ರವೆಂದರೆ ಇದ್ದಿಲೇ, ಅರ್ಥಾತ್ ಇಂಗಾಲವೇ. ಭೂಮಿಯೊಳಗೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಅಪಾರವಾದ ಒತ್ತಡಕ್ಕೂ ಕಾವಿಗೂ ಸಿಕ್ಕಿ ಅದು ಹರಳಾಗುತ್ತದೆ. ಆ ಆಳದಿಂದ ಚಿಮ್ಮಿ ಬಂದ ಕರಗಿದ ಕಲ್ಲಿನ ಬುಗ್ಗೆ ಅದನ್ನು ಮೇಲಕ್ಕೆ ಹೊತ್ತು ತರುತ್ತದೆ. ಆ ಕಲ್ಲಿಗೆ ದಕ್ಷಿಣ ಆಫ್ರಿಕದ ಕಿಂಬರ್ಲಿ ಊರಿನ ಹೆಸರಿನಿಂದ ಕಿಂಬರ್ಲೈಟ್ ಎನ್ನುತ್ತಾರೆ. ಅದು ಗಟ್ಟಿಯಾದ ಮೇಲೆ ನೆಲದಲ್ಲಿ ಕೊಳವೆಯಂತೆ ನಿಂತುಬಿಡುತ್ತದೆ.

ವಜ್ರಕರೂರಿನ ಸುತ್ತ ಇಂಥ ಹಲವು ಕೊಳವೆಗಳನ್ನು ಭೂವಿಜ್ಞಾನಿಗಳು ಗುರುತಿಸಿ ಒಂದೊಂದಕ್ಕೂ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ಅವುಗಳಲ್ಲಿ ಬಹುಪಾಲಿನ ವಯಸ್ಸು ಸುಮಾರು 110 ಕೋಟಿ ವರ್ಷ. ಕೋಟ್ಯಂತರ ಮಳೆಗಾಲಗಳು ಆ ಮೆತ್ತನೆಯ ಕಲ್ಲನ್ನು ಕೊರೆದು, ಅದರೊಳಗಿನ ವಜ್ರವನ್ನು ಗರಸಿನೊಡನೆ ಹಳ್ಳಕೊಳ್ಳಗಳಿಗೆ, ಅಲ್ಲಿಂದ ಬಯಲಿಗೆ ಹರಡಿವೆ. ಅಂದ ಮೇಲೆ ಜೂನ್ ತಿಂಗಳ ಒಂದು ಮಳೆ ಮಾಡುವ ಕೆಲಸ ಹೊಸದೇನಲ್ಲ.

ಲೆಕ್ಕವನ್ನೂ ಮಕ್ಕಳ ಕೈಯಿಂದಲೇ ಮಾಡಿಸಿದೆವು. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಎರಡು ಗುಲಗಂಜಿಗಿಂತ ಕಡಿಮೆ ತೂಕ. ಒಂದು ಟನ್ ಕಲ್ಲಿನಲ್ಲಿ ಒಂದು ಕ್ಯಾರೆಟ್ ವಜ್ರ ಇದ್ದರೆ ಅದು ಒಳ್ಳೆಯ ಗಣಿಯೆಂದೇ ಎಣಿಕೆ. ಹಾಗಾದರೆ ಮಣ್ಣಿಗೂ ವಜ್ರಕ್ಕೂ ಪ್ರಮಾಣವೇನು? ಮರಳಿನ ಮೇಲೆ ಕಡ್ಡಿಯಿಂದ ಬರೆದು ಸೊನ್ನೆಗಳನ್ನು ಹೊಡೆದು ಹಾಕಿ, ಐವತ್ತು ಲಕ್ಷಕ್ಕೆ ಒಂದು ಎಂದು ಉತ್ತರ ತಂದರು. ಅದು ಒಳ್ಳೆಯ ಗಣಿಯ ಮಾತು. ನಾವು ನಿಂತಿದ್ದುದು ಬರಿಯ ಹೊಲ. ಆ ಉತ್ತರದ ಮುಂದೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ, "ಆದ್ರೂ ಇನ್ನೊಂದು ಸುತ್ತು ನೋಡೋಣ" ಎಂದು ಎದ್ದು ಹೋದರು. ಮನುಷ್ಯಸ್ವಭಾವವೇ ಹಾಗೆ.

ಹಾಜರಿ ಪುಸ್ತಕದ ಖಾಲಿ ಮನೆಗಳು

ಇಷ್ಟಕ್ಕೆ ಮುಗಿಸಿದರೆ ಇದು ಒಂದು ಸೊಗಸಾದ ವಿಹಾರದ ವರ್ಣನೆಯಾಗುತ್ತಿತ್ತು. ಆದರೆ ಅದೇ ಹೊಲದಲ್ಲಿ ನಮ್ಮಂತೆ ಒಂದು ದಿನಕ್ಕೆ ಬಂದವರು ಕೆಲವರೇ. ಹಲವರು ಮರದ ಕೆಳಗೆ, ಗುಡಿಯ ಪೌಳಿಯಲ್ಲಿ, ಪ್ಲಾಸ್ಟಿಕ್ ಹಾಳೆ ಕಟ್ಟಿದ ಗುಡಾರದಲ್ಲಿ ವಾರಗಟ್ಟಲೆ ಇರಲೆಂದೇ ಪಾತ್ರೆ ಪಡಗ ತಂದವರು. ಯಾರಿಗೋ ಲಕ್ಷಗಟ್ಟಲೆ ಬೆಲೆಯ ಹರಳು ಸಿಕ್ಕಿತೆಂಬ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಮೊಬೈಲಿನಲ್ಲಿ ಊರೂರು ಸುತ್ತುತ್ತದೆ. ಸಿಗದೆ ಮರಳಿದವರ ಸುದ್ದಿ ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ.

ಅಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗನ ಪರಿಚಯವಾಯಿತು. ನಮ್ಮ ಮಕ್ಕಳು ಆರಿಸಿದ್ದ ಕಲ್ಲುಗಳನ್ನು ನೋಡಿ ನಕ್ಕು, "ಇದು ಬೆಣಚು. ಇದೂ ಬೆಣಚು. ಇದು ಗಾಜು, ಮೂಲೆ ಸವೆದೈತೆ ನೋಡ್ರಿ" ಎಂದು ಒಂದೊಂದನ್ನೇ ಬೇರೆ ಇಟ್ಟ. ಭೂತಗನ್ನಡಿ ಅವನಿಗೆ ಬೇಕಾಗಲಿಲ್ಲ. ತಾವೆರ್ನಿಯೇ ಕಂಡ ಮರದಡಿಯ ಹುಡುಗರ ನೆನಪಾಯಿತು. ಯಾವ ತರಗತಿ ಎಂದು ಕೇಳಿದೆವು. ಆರು ಮುಗಿದಿದೆ, ಏಳಕ್ಕೆ ಹೋಗಬೇಕು ಎಂದ. ಯಾವಾಗ ಹೋಗುತ್ತೀಯಪ್ಪ ಎಂದರೆ, "ಆರಿದ್ರಾ ಮಳೆ ಆಗ್ಲಿ ಸಾರ್" ಎಂದ. ಅವನ ತಾಯಿ ಮಾತು ಮುಂದುವರಿಸಿದರು. ಮೂರು ವರ್ಷದಿಂದ ಬರುತ್ತಿದ್ದಾರೆ. ಒಂದು ಹರಳೂ ಸಿಕ್ಕಿಲ್ಲ. ಹಿರಿಯ ಮಗಳ ಮದುವೆಗೆ ಮಾಡಿದ ಸಾಲ ತೀರಿಲ್ಲ. "ಹುಡುಗನ ಕಣ್ಣು ಚುರುಕೈತೆ ಅಣ್ಣಾ, ನಮ್ಮ ಕಣ್ಣು ಸಾಲದು. ಅದಕ್ಕೇ ಇಟ್ಕೊಂಡೀನಿ" ಎಂದರು.

ಆ ತಾಯಿಯನ್ನು ಜರೆಯಲು ನಮಗೆ ಮನಸ್ಸಾಗಲಿಲ್ಲ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಬಿತ್ತನೆಯೂ ಒಂದು ಬಗೆಯ ಹುಡುಕಾಟವೇ. ಆದರೆ ಲೆಕ್ಕ ಲೆಕ್ಕವೇ. ಮೂವರು ದುಡಿಯುವವರು ಇಪ್ಪತ್ತು ದಿನ ಹೊಲದಲ್ಲಿ ಕಳೆದರೆ ಅರವತ್ತು ಆಳಿನ ಕೂಲಿ ಹೋಯಿತು. ಅದನ್ನಾದರೂ ಮುಂದೆ ದುಡಿದು ತುಂಬಬಹುದು. ಶಾಲೆ ತೆರೆಯುವುದು ಜೂನ್ ಎರಡನೆಯ ವಾರದಲ್ಲಿ. ಮಳೆ ಹಿಡಿಯುವುದೂ ಅದೇ ವಾರದಲ್ಲಿ. ಮೊದಲ ಮೂರು ವಾರದ ಪಾಠ ತಪ್ಪಿದ ಹುಡುಗ ಜುಲೈಯಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಕೇಳಿದ್ದಕ್ಕೆ ಉತ್ತರ ಬಾರದೆ ತಲೆ ತಗ್ಗಿಸುತ್ತಾನೆ. ಎರಡು ವರ್ಷ ಹೀಗಾದರೆ ಮೂರನೆಯ ವರ್ಷ ಬರುವುದೇ ಇಲ್ಲ. ನಮ್ಮ ಹಾಜರಿ ಪುಸ್ತಕದಲ್ಲಿಯೂ ಪ್ರತಿ ಜೂನ್ ತಿಂಗಳಲ್ಲಿ ಕೆಲವು ಹೆಸರುಗಳ ಮುಂದೆ ಖಾಲಿ ಮನೆಗಳು ಇದ್ದೇ ಇರುತ್ತವೆ. ಗಡಿಯ ಕನ್ನಡ ಶಾಲೆಗೆ ಮಕ್ಕಳೇ ಕಡಿಮೆಯಾಗುತ್ತಿರುವ ಕಾಲದಲ್ಲಿ ಒಂದೊಂದು ಖಾಲಿ ಮನೆಯೂ ಭಾರವಾದದ್ದು.

ಇದಕ್ಕೆ ನಾವು ಮಾಡಿದ ಉಪಾಯ ದೊಡ್ಡದೇನಲ್ಲ. ಶಾಲೆ ತೆರೆದ ಮೂರನೆಯ ದಿನ ಕಲ್ಲಿನ ಪ್ರದರ್ಶನವೆಂದು ಮನೆಮನೆಗೆ ಹೇಳಿ ಕಳುಹಿಸಿದೆವು. ಹೊಲಕ್ಕೆ ಹೋದ ಮಕ್ಕಳು ತಾವು ಆರಿಸಿದ ಕಲ್ಲುಗಳನ್ನು ತರಬೇಕು. ಅದು ಎಂಥ ಕಲ್ಲು, ಹೇಗೆ ಗೊತ್ತಾಯಿತು ಎಂದು ತಾವೇ ನಿಂತು ಉಳಿದವರಿಗೆ ಹೇಳಬೇಕು. ಹಿಂದೆ ಜುಲೈಯಲ್ಲಿ ಬರುತ್ತಿದ್ದ ಮೂವರಲ್ಲಿ ಇಬ್ಬರು ಆ ದಿನ ಚೀಲ ಹೊತ್ತುಕೊಂಡು ಬಂದರು. ಎಂದೂ ಬಾಯಿ ಬಿಡದಿದ್ದ ಒಬ್ಬ ಹುಡುಗ ಮೇಜಿನ ಮುಂದೆ ನಿಂತು ಕಾಲು ಗಂಟೆ ಮಾತನಾಡಿದ. ಬೆಣಚು, ಗರಸು, ಮಸಾರಿ ಎಂಬ ನಮ್ಮ ಮನೆಯ ಮಾತುಗಳೇ ಅವನಿಗೆ ಸಾಕಾದುವು. ಮೂರನೆಯವನು ಬರಲಿಲ್ಲ. ಅವನ ಮನೆಗೆ ಎರಡು ಸಲ ಹೋಗಿ ಬಂದಿದ್ದೇವೆ, ಇನ್ನೂ ಹೋಗಬೇಕಾಗಿದೆ.

ಬೇರೆ ಕಡೆಯ ಪದ್ಧತಿ

ನಮ್ಮ ಹೊಲಗಳಲ್ಲಿರುವ ಈ ಗೊಂದಲ ಎಲ್ಲ ಕಡೆಯೂ ಇಲ್ಲ. ಮಧ್ಯಪ್ರದೇಶದ ಪನ್ನಾದಲ್ಲಿ ಸರಕಾರದ ವಜ್ರ ಕಚೇರಿಯೇ ಇದೆ. ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲದ ತುಂಡು ಭೂಮಿಯನ್ನು ಅಲ್ಪ ಶುಲ್ಕಕ್ಕೆ ಸಾಮಾನ್ಯರಿಗೂ ಅಗೆಯಲು ಕೊಡುತ್ತಾರೆ. ಸಿಕ್ಕ ಹರಳನ್ನು ಕಚೇರಿಗೆ ಒಪ್ಪಿಸಿದರೆ ಹರಾಜು ಹಾಕಿ, ಸರಕಾರದ ಪಾಲು ಕಳೆದು ಉಳಿದುದನ್ನು ಸಿಕ್ಕವನಿಗೆ ಕೊಡುತ್ತಾರೆ. ಅಲ್ಲಿಯೂ ಸಾಲ ಮಾಡಿ ಅಗೆದು ಬರಿಗೈಯಾದವರು ಇಲ್ಲದಿಲ್ಲ. ಆದರೂ ಸಿಕ್ಕಿದ್ದಕ್ಕೆ ನ್ಯಾಯವಾದ ಬೆಲೆಯ ದಾರಿಯೊಂದಿದೆ. ನಮ್ಮ ಕಡೆ ಹರಳು ಸಿಕ್ಕಿದವನು ವ್ಯಾಪಾರಿ ಹೇಳಿದ ಬೆಲೆಗೆ ತಲೆಯಾಡಿಸಬೇಕು.

ಅಮೆರಿಕದ ಆರ್ಕನ್ಸಾ ಸಂಸ್ಥಾನದ ಮರ್ಫ್ರೀಸ್‌ಬರೊ ಎಂಬ ಊರಿನ ಬಳಿ ಇದನ್ನೇ ಮಕ್ಕಳ ವಿಹಾರವಾಗಿ ಮಾಡಿದ್ದಾರೆ. ಅಲ್ಲಿಯ ಒಬ್ಬ ರೈತನಿಗೆ 1906ರಲ್ಲಿ ತನ್ನ ಹೊಲದಲ್ಲಿ ವಜ್ರ ಸಿಕ್ಕಿತು. 1924ರಲ್ಲಿ ಅದೇ ನೆಲದಲ್ಲಿ 40.23 ಕ್ಯಾರೆಟ್ಟಿನ ಹರಳು ದೊರೆಯಿತು. ಆ ದೇಶದಲ್ಲಿ ದೊರೆತುದರಲ್ಲಿ ಅದೇ ದೊಡ್ಡದು. 1972ರಲ್ಲಿ ಸಂಸ್ಥಾನದ ಸರಕಾರ ಆ ಸ್ಥಳವನ್ನು ಕೊಂಡು ಉದ್ಯಾನವಾಗಿ ತೆರೆಯಿತು. 37 ಎಕರೆ ಹೊಲವನ್ನು ಆಗಾಗ ಉತ್ತು ಬಿಡುತ್ತಾರೆ. ಕುಟುಂಬಗಳು ಶುಲ್ಕ ಕೊಟ್ಟು ಒಳಗೆ ಹೋಗಿ, ಸಲಿಕೆ, ಜರಡಿಗಳನ್ನು ಬಾಡಿಗೆಗೆ ಪಡೆದು ಹುಡುಕುತ್ತವೆ. ಸಿಕ್ಕಿದ್ದು ಸಿಕ್ಕವರಿಗೇ. ಕಲ್ಲು ಯಾವುದೆಂದು ಅಲ್ಲಿಯ ಸಿಬ್ಬಂದಿಯೇ ಪುಕ್ಕಟೆಯಾಗಿ ನೋಡಿ ಹೇಳುತ್ತಾರೆ. ವರ್ಷಕ್ಕೆ ನೂರಾರು ವಜ್ರಗಳು ಸಿಗುತ್ತವೆ. ಬಹಳಷ್ಟು ಬೆಂಕಿಕಡ್ಡಿಯ ತಲೆಯಷ್ಟೇ ದೊಡ್ಡವು. ಒಳ್ಳೆಯ ಮಳೆ ಬಿದ್ದ ಮರುದಿನ ಬನ್ನಿ, ಸೂರ್ಯನಿಗೆ ಎದುರಾಗಿ ನೆಲ ನೋಡಿ ಎಂಬುದೇ ಅಲ್ಲಿಯೂ ಬಲ್ಲವರ ಬುದ್ಧಿಮಾತು. ನಮ್ಮ ಜೊನ್ನಗಿರಿಯ ಅಜ್ಜಿಯೂ ಅದನ್ನೇ ಹೇಳುತ್ತಾಳೆ. ವ್ಯತ್ಯಾಸವಿಷ್ಟೆ: ಅಲ್ಲಿಯ ಮಗು ಸಂಜೆ ಮನೆಗೆ ಹೋಗುತ್ತದೆ.

ಹೋಗುವವರಿಗೆ ನಾಲ್ಕು ಮಾತು

ಮಕ್ಕಳನ್ನು ಕರೆದುಕೊಂಡು ಹೋಗಬೇಕೆನ್ನುವ ವಾಚಕರಿಗೆ ನಮ್ಮ ಅನುಭವದಿಂದ ಕೆಲವು ಸೂಚನೆ. ಮೇ ತಿಂಗಳ ಕೊನೆಯಲ್ಲಿ ಒಂದು ಮಳೆ ಬಿದ್ದ ಮರುದಿನ ಹೋಗುವುದು ಮೇಲು. ಶಾಲೆ ತೆರೆದ ಮೇಲೆ ಬೇಡ. ಹೊಲದವರ ಅಪ್ಪಣೆಯಿಲ್ಲದೆ ಕಾಲಿಡಬಾರದು, ಬಿತ್ತಿದ ಹೊಲವನ್ನು ಮುಟ್ಟಲೇಬಾರದು. ನೆಲ ಅಗೆಯಬೇಡಿ, 1957ರ ಖನಿಜ ಕಾನೂನಿನಂತೆ ಪರವಾನಗಿಯಿಲ್ಲದೆ ಗಣಿ ತೋಡುವುದು ಅಪರಾಧ. ಬೆಳಿಗ್ಗೆ ಹತ್ತರವರೆಗೆ, ಸಂಜೆ ನಾಲ್ಕರ ಮೇಲೆ ನಡೆದರೆ ಸಾಕು, ನಡುವೆ ನೆರಳಿನಲ್ಲಿರಿ. ಮೋಡ ಕಟ್ಟಿ ಗುಡುಗು ಕೇಳಿದೊಡನೆ ಬಯಲು ಬಿಡಬೇಕು, ಒಂಟಿ ಮರದ ಕೆಳಗೂ ನಿಲ್ಲಬಾರದು. ಮುಂಗಾರಿನ ಸಿಡಿಲು ಈ ಸೀಮೆಯಲ್ಲಿ ಜೀವ ತೆಗೆದುದುಂಟು. ಒದ್ದೆಯಾದ ಎರೆಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುವುದರಿಂದ ಕಟ್ಟುವ ಬೂಟು ಒಳ್ಳೆಯದು.

ಮಧ್ಯಾಹ್ನದ ಹೊತ್ತು ಗುತ್ತಿ-ಪತ್ತಿಕೊಂಡ ರಸ್ತೆಯ ಎರ್ರಗುಡಿಗೆ ಹೋಗಿ ಅಶೋಕನ ಶಾಸನಗಳನ್ನು ತಪ್ಪದೆ ನೋಡಿರಿ. 1929ರಲ್ಲಿ ಅವುಗಳನ್ನು ಹೊರಜಗತ್ತಿಗೆ ತಿಳಿಸಿದವರು ಅನು ಘೋಷ್ ಎಂಬ ಭೂವಿಜ್ಞಾನಿ. ಕಲ್ಲು ನೋಡುವ ಕಣ್ಣಿಗೆ ಅಕ್ಷರ ಕಂಡಿತು. ಜೊನ್ನಗಿರಿಯೇ ಅಶೋಕನ ದಕ್ಷಿಣದ ರಾಜಧಾನಿ ಸುವರ್ಣಗಿರಿ ಎಂಬುದು ಹಲವು ವಿದ್ವಾಂಸರ ಮತ. ರಾಯಚೂರು ಸೀಮೆಯ ಮಸ್ಕಿ, ಕನಕಗಿರಿಗಳ ಕಡೆ ಕೈತೋರುವವರೂ ಇದ್ದಾರೆ. ಎರ್ರಗುಡಿಯ ಚಿಕ್ಕ ಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೆ, ಮುಂದಿನವು ಬಲದಿಂದ ಎಡಕ್ಕೆ, ಎತ್ತು ಹೊಲದಲ್ಲಿ ತಿರುಗಿದಂತೆ ಸಾಗುತ್ತವೆ. ತಂದೆ ತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಅಭಿಪ್ರಾಯ ಅದರಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಇದೇ ಹೊಲಗಳ ನಡುವೆ ಪಾಠದ ಮಾತು ಕಲ್ಲಿನಲ್ಲಿ ನಿಂತಿತ್ತು ಎಂಬುದನ್ನು ಮಕ್ಕಳಿಗೆ ಹೇಳದೆ ಇರಲಾದೀತೆ?

ವಜ್ರ ಸಿಕ್ಕೀತೆಂದು ಯಾರೂ ಹೋಗಬೇಡಿ. ಸಿಕ್ಕರೆ ಅದು ಭಾಗ್ಯ. ಅದಕ್ಕೆ ನಾವು ಹೊಣೆಯಲ್ಲ. ತಾಳ್ಮೆಯಿಂದ ನೋಡುವುದು, ನೋಡಿದ್ದನ್ನು ಪರೀಕ್ಷಿಸುವುದು, ಮತ್ತೊಬ್ಬರ ಹೊಲವನ್ನು ಮನ್ನಿಸುವುದು, ಹೊತ್ತಿಗೆ ಸರಿಯಾಗಿ ಮನೆಗೆ ಮರಳುವುದು - ಇವಿಷ್ಟು ಒಂದು ದಿನದಲ್ಲಿ ಸಿಕ್ಕರೆ ಬಸ್ಸಿನ ಖರ್ಚಿಗೆ ಮೋಸವಿಲ್ಲ. ನಮ್ಮ ಶಾಲೆಯ ಕಪಾಟಿನಲ್ಲಿ ಈಗ ಮಕ್ಕಳೇ ಹೆಸರು ಬರೆದು ಅಂಟಿಸಿದ ಕಲ್ಲುಗಳ ಒಂದು ಪೆಟ್ಟಿಗೆ ಇದೆ. ಗಡಿಯ ಈಚೆಯ ಇತರ ಕನ್ನಡ ಶಾಲೆಗಳೂ ತಮ್ಮ ತಮ್ಮ ಊರಿನ ಕಲ್ಲುಗಳಿಂದ ಇಂಥ ಪೆಟ್ಟಿಗೆಯನ್ನು ಕೂಡಿಸಿಟ್ಟರೆ, ಮುಂದಿನ ಬೇಸಗೆಯಲ್ಲಿ ಒಬ್ಬರದನ್ನೊಬ್ಬರು ನೋಡಿ ಕಲಿಯಬಹುದು. ಬರುವ ಮುಂಗಾರಿಗೆ ಇನ್ನೂ ಕಾಲವಿದೆ. ಆರಂಭಿಸಲು ಮನೆಯ ಮುಂದಿನ ಗರಸೇ ಸಾಕು.